ಧಾರವಾಡದ ಹತ್ತಿ, ಅಮೆರಿಕದ ಬ್ಯಾಂಕು, ನಮ್ಮೂರ ಪತ್ತಿನ ಸಂಘ

(ಶೇಡಬಾಳದಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಜಗತ್ತಿನ ಹಣಕಾಸು ವ್ಯವಸ್ಥೆ ಮತ್ತು ಅದರ ಬಿಕ್ಕಟ್ಟುಗಳನ್ನು ವಿಶ್ವವಿದ್ಯಾಲಯದಲ್ಲಿ ಓದುವುದು ಏಕೆ ಎಂಬ ವಿಷಯವನ್ನು ಪೂಜ್ಯರು ನನಗೆ ಕೊಟ್ಟಿದ್ದಾರೆ. ಕರಪತ್ರ ನೋಡಿದ ಹಿರಿಯರೊಬ್ಬರು ಬಾಗಿಲಲ್ಲೇ ತಡೆದು ಕೇಳಿದರು: "ಸರ, ಶೇಡಬಾಳಕ್ಕೂ ನ್ಯೂಯಾರ್ಕಿಗೂ ಏನ್ರೀ ಸಂಬಂಧ? ನಮಗ ಕಬ್ಬಿನ ಬಿಲ್ಲು ಯಾವಾಗ ಬರತೈತಿ ಅಂತ ಹೇಳ್ರಿ, ಸಾಕು." ಅವರ ಪ್ರಶ್ನೆ ನ್ಯಾಯವಾದದ್ದು. ಕಬ್ಬಿನ ಬಿಲ್ಲಿನ ದಿನಾಂಕ ನನಗೂ ತಿಳಿಯದು. ಆದರೆ ನ್ಯೂಯಾರ್ಕಿನ ಸಂಬಂಧವನ್ನು ಮಾತ್ರ ಹೇಳಬಲ್ಲೆ. ಅದು ಇಂದು ನಿನ್ನೆಯದಲ್ಲ, ನೂರಾ ಅರವತ್ತು ವರ್ಷ ಹಳೆಯದು.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಎಂಬ ಬ್ಯಾಂಕು ದಿವಾಳಿ ಎಂದು ನ್ಯಾಯಾಲಯಕ್ಕೆ ಹೋಯಿತು. ಅದರ ಸಾಲ 60,000 ಕೋಟಿ ಡಾಲರಿಗೂ ಹೆಚ್ಚು. ಅಮೆರಿಕದ ಇತಿಹಾಸದಲ್ಲೇ ಅಷ್ಟು ದೊಡ್ಡ ದಿವಾಳಿ ಆಗಿರಲಿಲ್ಲ. ಆ ವಾರದಿಂದ ಜಗತ್ತಿನ ಬ್ಯಾಂಕುಗಳು ಒಂದನ್ನೊಂದು ನಂಬುವುದನ್ನು ಬಿಟ್ಟವು. ಮುಂಬೈ ಷೇರುಪೇಟೆಯ ಸೂಚ್ಯಂಕ ಅದೇ ವರ್ಷದ ಜನವರಿಯಲ್ಲಿ 21,000ದ ಹತ್ತಿರ ಇದ್ದದ್ದು ಅಕ್ಟೋಬರ್ ಕೊನೆಗೆ 9,000ಕ್ಕಿಂತ ಕೆಳಗೆ ಬಂತು. ಬಳ್ಳಾರಿಯ ಅದಿರಿಗೆ ಬೆಲೆ ಬಿತ್ತು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನು ಕಡಿಮೆ ಮಾಡಿದವು. ಇದು ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ಈ ಲೇಮನ್ನರು ಮೊದಲು ಯಾರು? ಜರ್ಮನಿಯ ಬವೇರಿಯಾದಿಂದ ಬಂದ ಅಣ್ಣತಮ್ಮಂದಿರು. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿ ಎಂಬ ಊರಿನಲ್ಲಿ ಬಟ್ಟೆ, ಕಿರಾಣಿ ಮಾರುತ್ತಿದ್ದರು. ಸುತ್ತಲಿನ ಬೆಳೆಗಾರರ ಕೈಯಲ್ಲಿ ರೊಕ್ಕ ಇರುತ್ತಿರಲಿಲ್ಲ, ಹತ್ತಿ ಇರುತ್ತಿತ್ತು. ಸಾಮಾನಿನ ಬದಲಿಗೆ ಹತ್ತಿಯನ್ನೇ ತೆಗೆದುಕೊಂಡರು. ಕ್ರಮೇಣ ಕಿರಾಣಿ ಹಿಂದೆ ಬಿತ್ತು, ಹತ್ತಿ ವ್ಯಾಪಾರ ಮುಂದೆ ಬಂತು. 1850ರಲ್ಲಿ ಅಂಗಡಿಗೆ ಲೇಮನ್ ಬ್ರದರ್ಸ್ ಎಂದು ಹೆಸರಾಯಿತು. ಆ ಹತ್ತಿಯನ್ನು ಬೆಳೆದವರು ಗುಲಾಮರು ಎಂಬುದನ್ನು ಈ ಪೀಠದ ಮುಂದೆ ನಿಂತು ಹೇಳದೆ ಬಿಡಲಾರೆ. ಬೆವರು ಸುರಿಸಿ ದುಡಿದವನಿಗೆ ತನ್ನ ಮೈಯ ಮೇಲೂ ಹಕ್ಕಿರದ ದುಡಿಮೆ ಅದು. ಜಗತ್ತಿನ ದೊಡ್ಡ ಬ್ಯಾಂಕುಗಳಲ್ಲೊಂದರ ಬುನಾದಿ ಅಲ್ಲಿದೆ.

ಆ ಕಾಲಕ್ಕೆ ಇಂಗ್ಲೆಂಡಿನ ಗಿರಣಿಗಳು ಬಳಸುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದಿಂದ ಹೋಗುತ್ತಿತ್ತು. 1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳಿಗೆ ಯುದ್ಧ ಹತ್ತಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ಹಡಗುಗಳ ದಿಗ್ಬಂಧನ ಹಾಕಿದರು. ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳು ನಿಂತವು. ಹತ್ತಿ ಎಲ್ಲಿದೆ ಎಂದು ಹುಡುಕುತ್ತ ಬಂದ ಕಣ್ಣು ಬಿದ್ದದ್ದು ನಮ್ಮ ಮೇಲೆ.

ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ಇಂಗ್ಲಿಷ್ ಅಧಿಕಾರಿಗಳು ಅಮೆರಿಕದ ಹತ್ತಿ ಬೀಜವನ್ನು ಬೆಳೆಸಿ ನೋಡಿದ್ದರು. ಹುಬ್ಬಳ್ಳಿ, ಗದಗ ಸೀಮೆಯ ಎರೆಮಣ್ಣಿನಲ್ಲಿ ಅದು ನಿಂತಿತು. ಪೇಟೆಯಲ್ಲಿ ಅದಕ್ಕೆ 'ಧಾರವಾಡ ಅಮೆರಿಕನ್' ಎಂದೇ ಹೆಸರು. ಆಗ ಈ ಭಾಗಕ್ಕೆ ರೈಲು ಬಂದಿರಲಿಲ್ಲ. ಹತ್ತಿ ಅಂಡಿಗೆಗಳು ಚಕ್ಕಡಿ ಮೇಲೆ, ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬೈಗೆ, ಮುಂಬೈಯಿಂದ ಲಿವರ್‌ಪೂಲಿಗೆ ಹೋಗುತ್ತಿದ್ದವು. ಯುದ್ಧ ಶುರುವಾದ ಮೇಲೆ ಬೆಲೆ ಒಂದಕ್ಕೆ ಮೂರು, ನಾಲ್ಕು ಪಟ್ಟು ಏರಿತು. ಹತ್ತಿ ಸೀಮೆಗಳ ರೈತರು ಚಕ್ಕಡಿ ಗಾಲಿಗೆ ಕಬ್ಬಿಣದ ಬದಲು ಬೆಳ್ಳಿ ಪಟ್ಟಿ ಹೊಡೆಸಿದರು ಎಂಬ ಮಾತು ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಬರುತ್ತದೆ. ಬೆಳ್ಳಿಯ ಪಟ್ಟಿ ಕಲ್ಲುದಾರಿಯಲ್ಲಿ ಎಷ್ಟು ದಿನ ಬಾಳೀತು ಎಂದು ಯಾರೂ ಕೇಳಿದಂತಿಲ್ಲ!

ಸಾವಕಾರರೂ ಕೈ ಸಡಿಲ ಮಾಡಿದರು. ಹತ್ತಿಗೆ ಬೆಲೆ ಇರುವಾಗ ಹೊಲಕ್ಕೆ ಬೆಲೆ, ಹೊಲಕ್ಕೆ ಬೆಲೆ ಇರುವಾಗ ರೈತನಿಗೆ ಪತ್ತು. ಕೇಳಿದವರಿಗೆಲ್ಲ ಸಾಲ ಸಿಕ್ಕಿತು. ಇದರ ಜೊತೆಗೇ ಇನ್ನೊಂದು ಕೆಲಸ ನಡೆಯಿತು, ಅದನ್ನು ತಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಒಳ್ಳೆಯ ಹತ್ತಿಯೊಳಗೆ ಕೀಳು ಹತ್ತಿ, ಕಸ, ಕಾಳು ಬೆರೆಸಿ ಅಂಡಿಗೆ ಒತ್ತಿ ಮಾರುವುದು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಕೊಳ್ಳುವವನು ಸಾವಿರಾರು ಮೈಲಿ ಆಚೆ ಇದ್ದಾನೆ, ಬಿಚ್ಚಿ ನೋಡುವುದು ಅವನು, ಅಷ್ಟರಲ್ಲಿ ಮಾರಿದವನ ಕೈಗೆ ರೊಕ್ಕ ಬಂದಾಗಿದೆ. ಧಾರವಾಡದ ಹತ್ತಿಗೆ ಈ ಕಲಬೆರಕೆಯಿಂದ ಹೆಸರು ಕೆಟ್ಟಿತು. ಮುಂಬೈ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆಯುವ ಕಾಯ್ದೆಯನ್ನೇ ತಂದು, ಅಂಡಿಗೆ ಪರೀಕ್ಷಿಸಲು ಇನ್‌ಸ್ಪೆಕ್ಟರುಗಳನ್ನು ನೇಮಿಸಬೇಕಾಯಿತು.

ಮುಂಬೈಯಲ್ಲಂತೂ ಹತ್ತಿಯ ರೊಕ್ಕ ಎಲ್ಲಿ ಸುರಿಯಬೇಕೆಂದು ತಿಳಿಯದಾಯಿತು. ಸಮುದ್ರ ತುಂಬಿ ಜಾಗ ಮಾಡುವ ಕಂಪನಿಗಳು ಹುಟ್ಟಿದವು. ಬ್ಯಾಕ್ ಬೇ ಕಂಪನಿಯ ಷೇರು ಮುಖಬೆಲೆಯ ಹಲವು ಪಟ್ಟಿಗೆ ಏರಿತು. ಪ್ರೇಮ್‌ಚಂದ್ ರಾಯ್‌ಚಂದ್ ಎಂಬ ವ್ಯಾಪಾರಿಯ ಒಂದು ಚೀಟಿ ಇದ್ದರೆ ಬ್ಯಾಂಕುಗಳು ಸಾಲ ಕೊಡುತ್ತಿದ್ದವು. ಷೇರನ್ನೇ ಗಿರವಿ ಇಟ್ಟುಕೊಂಡು ಷೇರು ಕೊಳ್ಳಲು ಸಾಲ. 1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೈನ್ಯ ಶರಣಾಯಿತು. ಅಲ್ಲಿಯ ಹತ್ತಿ ಮತ್ತೆ ಬರುತ್ತದೆ ಎಂಬ ಸುದ್ದಿಗೇ ಇಲ್ಲಿ ಬೆಲೆ ಕುಸಿಯಿತು. ಜುಲೈ 1ರಂದು ಮುಂಬೈಯ ವಾಯಿದೆ ವ್ಯವಹಾರಗಳು ತೀರಬೇಕಿತ್ತು, ತೀರಲಿಲ್ಲ. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು.

ಮುಂಬೈಯವರ ನಷ್ಟ ಪತ್ರಿಕೆಗಳಲ್ಲಿ ಬಂತು. ರೈತನ ನಷ್ಟ ಸಾವಕಾರನ ವಹಿಯಲ್ಲಿ ಬರೆಯಲ್ಪಟ್ಟಿತು. ಹತ್ತಿ ಬೆಲೆ ಇಳಿದರೂ ಕಾಗದದ ಮೇಲಿನ ಸಾಲ ಇಳಿಯಲಿಲ್ಲ, ಬಡ್ಡಿ ನಿಲ್ಲಲಿಲ್ಲ. ಬೆಲೆ ಏರಿದ ಕಾಲದ ಲೆಕ್ಕ ಹಿಡಿದು ಸರ್ಕಾರ ದಖ್ಖನಿನ ಅನೇಕ ತಾಲೂಕುಗಳಲ್ಲಿ ಕಂದಾಯವನ್ನೂ ಹೆಚ್ಚಿಸಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬ ಊರಲ್ಲಿ ರೈತರು ಎದ್ದರು, ಗಲಭೆ ಅಹ್ಮದ್‌ನಗರ ಜಿಲ್ಲೆಗೂ ಹಬ್ಬಿತು. ಅವರು ಕೇಳಿದ್ದು ಸಾಲಪತ್ರಗಳನ್ನು. ಸಿಕ್ಕ ಪತ್ರಗಳನ್ನು ಊರ ಮುಂದೆ ಸುಟ್ಟರು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಈ ನಡುವೆ 1876ರಿಂದ 78ರವರೆಗಿನ ಬರ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳನ್ನು ತಿಂದುಹಾಕಿತ್ತು.

ಇಷ್ಟು ಹೇಳಿದ ಮೇಲೆ ಹಿರಿಯರಿಗೆ ನನ್ನ ಉತ್ತರ ಅರ್ಧ ಸಿಕ್ಕಿರಬೇಕು. ಮಾಂಟ್‌ಗೊಮೆರಿಯ ಲೇಮನ್ನರ ಹತ್ತಿ ನಿಂತಾಗ ಹುಬ್ಬಳ್ಳಿಯ ರೈತನ ಹತ್ತಿ ಓಡಿತು. ಅಲ್ಲಿ ಹತ್ತಿ ಮತ್ತೆ ಹೊರಟಾಗ ಇಲ್ಲಿ ಹೊಲ ಗಿರವಿಗೆ ಬಿತ್ತು. ಇಬ್ಬರೂ ಒಬ್ಬರ ಹೆಸರು ಒಬ್ಬರು ಕೇಳಿರಲಿಲ್ಲ. ಯುದ್ಧ ಮುಗಿದ ಮೇಲೆ ಲೇಮನ್ನರು ನ್ಯೂಯಾರ್ಕಿನಲ್ಲಿ ನೆಲೆ ನಿಂತು, 1870ರಲ್ಲಿ ಅಲ್ಲಿಯ ಹತ್ತಿ ವಾಯಿದೆ ಪೇಟೆ ಕಟ್ಟುವವರಲ್ಲಿ ಸೇರಿದರು, ಆಮೇಲೆ ಬ್ಯಾಂಕರಾದರು. ನಮ್ಮವರು ಎಲ್ಲಿದ್ದರೋ ಅಲ್ಲೇ ಉಳಿದರು.

ಈಗ 2008ಕ್ಕೆ ಮತ್ತೆ ಬರೋಣ. ಅಲ್ಲಿ ಆದದ್ದೂ ಕಲಬೆರಕೆಯೇ. ಅಮೆರಿಕದಲ್ಲಿ ತೀರಿಸುವ ಶಕ್ತಿ ಇಲ್ಲದವರಿಗೂ ಮನೆ ಸಾಲ ಕೊಟ್ಟರು. ಕೊಟ್ಟವರು ಆ ಸಾಲವನ್ನು ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಸಾವಿರಾರು ಸಾಲಗಳನ್ನು ಒಂದು ಗಂಟು ಕಟ್ಟಿ, ಒಳ್ಳೆಯದರಲ್ಲಿ ಕೆಟ್ಟದ್ದನ್ನು ಬೆರೆಸಿ, ಜಗತ್ತಿನ ಬ್ಯಾಂಕುಗಳಿಗೂ ಪಿಂಚಣಿ ನಿಧಿಗಳಿಗೂ ಮಾರಿದರು. ಗಂಟಿನ ಮೇಲೆ ಉತ್ತಮ ದರ್ಜೆ ಎಂಬ ಮುದ್ರೆ ಒತ್ತುವ ಕಂಪನಿಗಳಿದ್ದವು, ಆ ಮುದ್ರೆಗೆ ಹಣ ಕೊಡುವವರು ಗಂಟು ಕಟ್ಟಿದವರೇ. ನಮ್ಮ 1863ರ ಇನ್‌ಸ್ಪೆಕ್ಟರಿಗೆ ಕಲಬೆರಕೆಯ ವ್ಯಾಪಾರಿಯೇ ಪಗಾರ ಕೊಟ್ಟಿದ್ದರೆ ಹೇಗಿರುತ್ತಿತ್ತೋ ಹಾಗೆ. ಸಾಲ ಕೊಡುವವನಿಗೆ ಸಾಲ ಮುಳುಗಿದರೆ ಏನೂ ನಷ್ಟವಿಲ್ಲ ಎಂದಾದ ದಿನವೇ ಕೆಡುಕು ಶುರುವಾಯಿತು. ನಾನು ಇಪ್ಪತ್ತು ವರ್ಷದಿಂದ ಈ ವಿಷಯ ಓದುತ್ತ, ಕಲಿಸುತ್ತ ಬಂದಿದ್ದೇನೆ. ಯಾವ ಬಿಕ್ಕಟ್ಟಿನ ಕಥೆ ಓದಿದರೂ ಕೊನೆಗೆ ಒಂದೇ ಪ್ರಶ್ನೆ ಉಳಿಯುತ್ತದೆ: ಲಾಭ ಯಾರಿಗೆ ಹೋಯಿತು, ನಷ್ಟ ಯಾರ ಹೆಗಲಿಗೆ ಬಂತು?

ಎರಡನೆಯದು ಸನ್ನೆಕೋಲು. ಇಂಗ್ಲಿಷಿನಲ್ಲಿ ಲೆವರೇಜ್ ಎನ್ನುತ್ತಾರೆ, ಸನ್ನೆಕೋಲಿನಿಂದ ಬಂದ ಮಾತು. ಸ್ವಂತ ಒಂದು ರೂಪಾಯಿ ಇದ್ದರೆ ಸುಮಾರು ಮೂವತ್ತು ರೂಪಾಯಿಯ ಆಸ್ತಿ ಹಿಡಿದಿತ್ತು ಲೇಮನ್. ಉಳಿದದ್ದು ಸಾಲ, ಅದರಲ್ಲೂ ದಿನ, ವಾರದ ಲೆಕ್ಕದ ಸಾಲ. ಮೂವತ್ತರ ಆಸ್ತಿಯ ಬೆಲೆ ಒಂದು ರೂಪಾಯಿ ಇಳಿದರೆ ಸ್ವಂತದ್ದು ಸೊನ್ನೆ. ಬಂಡೆ ಎತ್ತುವಾಗ ಸನ್ನೆಕೋಲು ಒಳ್ಳೆಯದೇ, ಜಾರಿದರೆ ಕೈ ಮುರಿಯುತ್ತದೆ.

ಮೂರನೆಯದನ್ನು ಹೈಮನ್ ಮಿನ್ಸ್ಕಿ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಹೇಳಿದ್ದು. 1996ರಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರ ಮಾತು ಕೇಳಿದವರು ಕಡಿಮೆ, 2008ರಲ್ಲಿ ಎಲ್ಲರೂ ಅವರ ಪುಸ್ತಕ ಹುಡುಕಿದರು. ಅವರು ಸಾಲಗಾರರನ್ನು ಮೂರು ಬಗೆ ಮಾಡಿದರು. ನಾನು ಅದನ್ನು ತರಗತಿಯಲ್ಲಿ ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಮೊದಲನೆಯವನು ಬೆಳೆ ಬಂದ ಕೂಡಲೇ ಅಸಲು, ಬಡ್ಡಿ ಎರಡೂ ತೀರಿಸುತ್ತಾನೆ. ಎರಡನೆಯವನು ಬಡ್ಡಿ ಕಟ್ಟಿ, ಸೊಸೈಟಿಯಲ್ಲಿ ಹಳೇದನ್ನು ಹೊಸದು ಮಾಡಿಸುತ್ತಾನೆ. ಮೂರನೆಯವನಿಗೆ ಬಡ್ಡಿ ಕಟ್ಟಲೂ ಇನ್ನೊಂದು ಸಾಲ ಬೇಕು. ಹೊಲದ ಬೆಲೆ ಏರುತ್ತದೆ, ಮಾರಿ ತೀರಿಸಿದರಾಯಿತು ಎಂಬ ಭರವಸೆಯ ಮೇಲೆ ಅವನ ಬದುಕು ನಿಂತಿದೆ. ಮಿನ್ಸ್ಕಿಯವರು ಹೇಳಿದ ಮುಖ್ಯ ಮಾತು ಏನೆಂದರೆ, ಕಾಲ ಚೆನ್ನಾಗಿರುವಾಗಲೇ ಜನ ಮೊದಲನೆಯ ಸಾಲಿನಿಂದ ಮೂರನೆಯ ಸಾಲಿಗೆ ಜರುಗುತ್ತಾರೆ. ಸುಖದ ದಿನಗಳೇ ಬಿಕ್ಕಟ್ಟನ್ನು ಹೆರುತ್ತವೆ. ಇದನ್ನು ಹೇಳಿದಾಗ ನಮ್ಮ ಕಡೆಯ ಮಕ್ಕಳು ನಗುತ್ತಾರೆ. ಅವರಿಗೆ ಮೂರು ಬಗೆಯವರೂ ಗೊತ್ತು, ಒಂದೇ ಓಣಿಯಲ್ಲಿ ಇದ್ದಾರೆ.

ಹಾಗಾದರೆ ವಿಶ್ವವಿದ್ಯಾಲಯಗಳಲ್ಲಿ ಇದೆಲ್ಲ ಕಲಿಸುತ್ತಿರಲಿಲ್ಲವೇ? 2008ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದಾಗ, ಇದು ಬರುವುದು ಯಾರಿಗೂ ಏಕೆ ಕಾಣಲಿಲ್ಲ ಎಂದು ಅಲ್ಲಿಯ ಪಂಡಿತರನ್ನು ಕೇಳಿದರು. ಉತ್ತರ ಬರೆದು ಕಳಿಸಲು ಅಲ್ಲಿಯ ವಿದ್ವಾಂಸರಿಗೆ ಮುಂದಿನ ವರ್ಷದ ಜುಲೈವರೆಗೆ ಬೇಕಾಯಿತು. ಆಮೇಲೆ ವಿದ್ಯಾರ್ಥಿಗಳೇ ಎದ್ದರು. 2011ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರದ ಪ್ರಸಿದ್ಧ ಅಧ್ಯಾಪಕರೊಬ್ಬರ ತರಗತಿಯಿಂದ ಹಲವರು ಎದ್ದು ಹೊರನಡೆದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಅಂದರೆ ಒಂದು ಕಾಲಕ್ಕೆ ನಮ್ಮ ಹತ್ತಿ ಹೋಗಿ ನೂಲಾಗುತ್ತಿದ್ದ ಸೀಮೆಯಲ್ಲಿ, ವಿದ್ಯಾರ್ಥಿಗಳು ಸಂಘ ಕಟ್ಟಿ, ಬಿಕ್ಕಟ್ಟು ಮುಗಿದು ವರ್ಷಗಳಾದರೂ ಪಾಠ ಬದಲಾಗಿಲ್ಲ, ನಮಗೆ ಆರ್ಥಿಕ ಇತಿಹಾಸ ಕಲಿಸಿ, ಬೇರೆ ಬೇರೆ ಪಂಥಗಳನ್ನು ಕಲಿಸಿ ಎಂದು ಕೇಳಿದರು.

ಎಲ್ಲರೂ ಕುರುಡರಾಗಿದ್ದರು ಎಂದಲ್ಲ. 2005ರಲ್ಲಿಯೇ ನಮ್ಮ ರಘುರಾಮ್ ರಾಜನ್ ಅವರು ಅಮೆರಿಕದ ಜಾಕ್ಸನ್ ಹೋಲ್ ಎಂಬಲ್ಲಿ ಕೇಂದ್ರ ಬ್ಯಾಂಕುಗಳ ಮುಖ್ಯಸ್ಥರು ಕೂತ ಸಭೆಯಲ್ಲಿ, ಹೊಸ ಹಣಕಾಸು ವ್ಯವಸ್ಥೆ ಜಗತ್ತನ್ನು ಹೆಚ್ಚು ಅಪಾಯಕ್ಕೆ ತಳ್ಳಿದೆ ಎಂದು ಪ್ರಬಂಧ ಓದಿದ್ದರು. ಸಭೆಗೆ ಅದು ರುಚಿಸಲಿಲ್ಲ. ಇಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ವೈ.ವಿ. ರೆಡ್ಡಿಯವರು ಮನೆ, ನಿವೇಶನದ ಸಾಲಗಳಿಗೆ ಬ್ಯಾಂಕುಗಳು ಹೆಚ್ಚು ಬಂಡವಾಳ ಎತ್ತಿಡಬೇಕೆಂದು ಬಿಗಿ ಮಾಡಿದ್ದರು. ಆಗ ಅವರನ್ನು ಹಳೇ ಕಾಲದವರು ಎಂದವರು ಇದ್ದರು. 2008ರಲ್ಲಿ ನಮ್ಮ ಬ್ಯಾಂಕುಗಳು ನಿಂತದ್ದರಲ್ಲಿ ಆ ಬಿಗಿಗೂ ಪಾಲಿದೆ. ಇವರು ಇದನ್ನೆಲ್ಲ ಓದಿಯೇ ತಿಳಿದವರು. ಓದು ಕಾಯುತ್ತದೆ, ಆದರೆ ಯಾವ ಓದು ಎಂಬ ಮಾತಿದೆ.

ನಮ್ಮ ಮಕ್ಕಳ ಓದಿನ ಸ್ಥಿತಿ ಹೇಳುತ್ತೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿತು, ನಮ್ಮ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ. ಈಗ ಕಾಗವಾಡ, ಅಥಣಿ, ರಾಯಬಾಗದ ಹುಡುಗಿಯರು ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಾರೆ. ಇದು ಸಣ್ಣ ಮಾತಲ್ಲ. ಆದರೆ ಕನ್ನಡದಲ್ಲಿ ಬಿ.ಎ. ಮುಗಿಸಿ ಬಂದ ಮಗುವಿಗೆ ಹಣಕಾಸಿನ ಪತ್ರಿಕೆಯ ಒಳ್ಳೆಯ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಅದು ನೋಟ್ಸ್ ಬಾಯಿಪಾಠ ಮಾಡುತ್ತದೆ. ಡೆರಿವೇಟಿವ್ ಎಂದರೇನು ಎಂದು ಕೇಳಿದರೆ ವ್ಯಾಖ್ಯಾನ ತಪ್ಪಿಲ್ಲದೆ ಬರುತ್ತದೆ. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಅದರ ಅಪ್ಪ ಮಾಡುವ ವಾಯಿದೆ ಮಾತೂ ಅದೇ ಜಾತಿಯದು ಎಂದು ಯಾರೂ ಹೇಳಿರುವುದಿಲ್ಲ. 1865ರ ಮುಂಬೈ, 1875ರ ಸೂಪೆ ಪಠ್ಯದಲ್ಲಿ ಬಂದರೂ ಇತಿಹಾಸ ವಿಭಾಗದ ಪಠ್ಯದಲ್ಲಿ ಬರುತ್ತವೆ. ಅರ್ಥಶಾಸ್ತ್ರದವರು ಆ ಬಾಗಿಲು ತಟ್ಟುವುದಿಲ್ಲ. ಬಿಕ್ಕಟ್ಟು ಎಂಬುದು ಕೊನೆಯ ಘಟಕದ ಕೊನೆಯ ಪಾಠ, ಪರೀಕ್ಷೆ ಹತ್ತಿರ ಬಂದಾಗ ಬಿಟ್ಟುಹೋಗುವ ಪಾಠ. ನನ್ನ ಜೊತೆಯ ಅಧ್ಯಾಪಕರು ಇದನ್ನು ಓದಿ ಬೇಸರಪಟ್ಟರೆ ಪಡಲಿ.

ಇಲ್ಲಿ ಇನ್ನೊಂದು ಮಾತು. ನಮ್ಮ ಗೋಷ್ಠಿಗಳಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು, ಆದ್ದರಿಂದ ಅರ್ಥಶಾಸ್ತ್ರವೆಲ್ಲ ವಚನಗಳಲ್ಲೇ ಇದೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ನನಗೆ ಆ ಚಪ್ಪಾಳೆ ಬೇಡ. ಹನ್ನೆರಡನೆಯ ಶತಮಾನದಲ್ಲಿ ಕೇಂದ್ರ ಬ್ಯಾಂಕು ಇರಲಿಲ್ಲ, ಷೇರುಪೇಟೆ ಇರಲಿಲ್ಲ. ಶರಣರಲ್ಲಿ ಸಿಗುವುದು ಒಂದು ನೋಟ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮತಾಯಿ ಅದನ್ನು ತಿರುಗಿ ಸುರಿದು ಬರಲು ಹೇಳಿದ ಕಥೆ ತಮಗೆಲ್ಲ ಗೊತ್ತು. ಆ ತಾಯಿ ಕೇಳಿದ್ದು ಲೆಕ್ಕದ ಪ್ರಶ್ನೆ: ಈ ಹೆಚ್ಚಿನದು ಎಲ್ಲಿಂದ ಬಂತು, ಯಾರ ಪಾಲು? ಆ ಪ್ರಶ್ನೆ ಕೇಳುವ ಅಭ್ಯಾಸ ನಮಗೆ ಮನೆಯಿಂದ ಬಂದಿದೆ. ಉತ್ತರ ಹುಡುಕಲು ಮಾತ್ರ ಅಢಾವೆ ಪತ್ರಿಕೆ ಓದಲು ಕಲಿಯಬೇಕು, ಅದಕ್ಕೆ ವಿಶ್ವವಿದ್ಯಾಲಯ ಬೇಕು.

ಬಿಕ್ಕಟ್ಟನ್ನು ಓದಿ ತಿಳಿದವರು ಏನು ಕಟ್ಟಬಲ್ಲರು ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ದಖ್ಖನಿನ ಸಾಲದ ಗೋಳು ನೋಡಿದ ಮೇಲೆ, ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಎಂಬವರು ಯುರೋಪಿನ ಗ್ರಾಮೀಣ ಸಾಲ ಸಂಘಗಳನ್ನು ಅಭ್ಯಾಸ ಮಾಡಿ ದೊಡ್ಡ ವರದಿ ಬರೆದರು. ಜರ್ಮನಿಯಲ್ಲಿ ರೈಫೈಸೆನ್ ಎಂಬವರು 1860ರ ದಶಕದಲ್ಲಿ ಕಟ್ಟಿದ ಹಳ್ಳಿ ಸಂಘಗಳೇ ಮಾದರಿ ಎಂದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಅದೇ ಹತ್ತಿ ಸೀಮೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅದು.

ಆ ಕಾಲದ ಹಳ್ಳಿ ಸಂಘಗಳಿಗೆ ಒಂದು ಗಟ್ಟಿ ನಿಯಮವಿತ್ತು. ಸದಸ್ಯರ ಜವಾಬ್ದಾರಿಗೆ ಮಿತಿ ಇಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನ ಹೊಲ ಮನೆಯೂ ಸಾಲಕ್ಕೆ ಹೊಣೆ. ಕೇಳಿದರೆ ಹೆದರಿಕೆಯಾಗುತ್ತದೆ, ಆದರೆ ಅದರ ಗುಣ ನೋಡಿ. ನೆರೆಯವನು ಬಿತ್ತನೆಗೆಂದು ಸಾಲ ಎತ್ತಿ ಮದುವೆಗೆ ಖರ್ಚು ಮಾಡಿದರೆ ನನ್ನ ಹೊಲಕ್ಕೆ ಅಪಾಯ, ಆದ್ದರಿಂದ ನಾನು ಸಭೆಯಲ್ಲಿ ಎದ್ದು ಕೇಳುತ್ತೇನೆ. ಸಾಲ ಕೊಡುವವರೇ ನಷ್ಟ ಹೊರುವವರು. 2008ರ ಗಂಟು ಕಟ್ಟುವವರಿಗೂ ಕಣಗಿನಹಾಳದವರಿಗೂ ಇರುವ ವ್ಯತ್ಯಾಸ ಇದೊಂದೇ. ನಮ್ಮ ಕಡೆ 'ಪತ್ತಿನ ಸಂಘ' ಎನ್ನುತ್ತೇವೆ. ಪತ್ತು ಎಂದರೆ ನಂಬಿಕೆ. ಇಂಗ್ಲಿಷಿನ ಕ್ರೆಡಿಟ್ ಎಂಬ ಮಾತೂ ಲ್ಯಾಟಿನ್ನಿನಲ್ಲಿ ನಂಬು ಎಂಬ ಧಾತುವಿನಿಂದಲೇ ಬಂದದ್ದು.

ಈಗ ನಮ್ಮ ಸಂಘಗಳ ಮಾತಿಗೆ ಬರುತ್ತೇನೆ. ನಾನು ಇಂದು ಬಂದದ್ದೇ ಇದಕ್ಕೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಎದುರಿಗೆ ನಾಲ್ಕು ಬೋರ್ಡು: ಸೌಹಾರ್ದ, ಪತ್ತಿನ ಸಂಘ, ಮಲ್ಟಿಸ್ಟೇಟ್. ಅನೇಕವು ಚೆನ್ನಾಗಿ ನಡೆಯುತ್ತಿವೆ, ಸಾವಕಾರನ ಬಾಗಿಲಿಗೆ ಹೋಗುವುದನ್ನು ತಪ್ಪಿಸಿವೆ. ಅವುಗಳನ್ನು ಕಟ್ಟಿದವರಿಗೆ ಶರಣು. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿದ ಪಾಠದಿಂದ 1962ರಲ್ಲಿ ಆ ವಿಮೆ ಶುರುವಾಯಿತು, 2020ರ ಫೆಬ್ರುವರಿಯಲ್ಲಿ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಪತ್ತಿನ ಸಂಘಕ್ಕೂ ಸೌಹಾರ್ದ ಪತ್ತಿನ ಸಹಕಾರಿಗೂ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ಬ್ಯಾಂಕ್ ಎಂದಿದೆಯೋ ಸಂಘ ಎಂದಿದೆಯೋ ಎಂಬ ಒಂದು ಪದದಲ್ಲಿ ನಿಮ್ಮ ಮಗಳ ಮದುವೆಯ ರೊಕ್ಕ ನಿಂತಿದೆ. ಒಂದೂವರೆ ಬಡ್ಡಿ ಹೆಚ್ಚು ಕೊಡುತ್ತಾರೆ ಎಂದು ಇಡುವ ಮೊದಲು ಆ ಹೆಚ್ಚು ಏಕೆ ಎಂದು ಕೇಳಬೇಡವೇ?

ಗೋಡೆಯ ಮೇಲೆ ಬಸವಣ್ಣನವರ ಫೋಟೋ ಇದೆ, ಸಂಘಕ್ಕೆ ಶರಣರ ಹೆಸರಿದೆ, ಅಧ್ಯಕ್ಷರು ನಮ್ಮವರು ಎಂದು ಠೇವಣಿ ಇಡಬೇಡಿ. ಕಠಿಣವಾದ ಮಾತು, ಪೂಜ್ಯರ ಎದುರಿಗೇ ಹೇಳುತ್ತಿದ್ದೇನೆ. ಫೋಟೋ ಸಾಲ ವಸೂಲು ಮಾಡುವುದಿಲ್ಲ. ಮುಳುಗಿದ ಸಂಘವೊಂದರ ಬಾಗಿಲಲ್ಲಿ ವಿಧವೆ ತಾಯಿಯೊಬ್ಬರು ಪಾಸ್‌ಬುಕ್ ಹಿಡಿದು ನಿಂತದ್ದನ್ನು ನಾನು ಕಂಡಿದ್ದೇನೆ. ನಂಬಿ ಇಟ್ಟೆನಪ್ಪಾ ಎಂದರು. ಅಲ್ಲಿಯೂ ಗೋಡೆಯ ಮೇಲೆ ಫೋಟೋ ಇತ್ತು.

ಒಳ್ಳೆಯ ಸಂಘವೂ ಗಾಳಿಮಾತಿನಿಂದ ಬೀಳಬಹುದು, ಅದನ್ನೂ ಹೇಳಬೇಕು. ನೂರು ಜನ ಠೇವಣಿ ಇಟ್ಟಿದ್ದಾರೆ, ಸಂಘ ಅದನ್ನು ಮೂರು ವರ್ಷದ ಸಾಲವಾಗಿ ಕೊಟ್ಟಿದೆ. ದಿನಕ್ಕೆ ಇಬ್ಬರು ಬಂದು ಬಿಡಿಸಿಕೊಂಡರೆ ತೊಂದರೆಯಿಲ್ಲ. ನೂರು ಜನ ಒಂದೇ ದಿನ ಬಂದರೆ ಎಂಥ ಸಂಘವೂ ಕೊಡಲಾರದು. ಉಳಿದವರು ಓಡುತ್ತಾರೆ ಎಂದು ಹೆದರಿ ನಾನು ಓಡುವುದು ತಪ್ಪೂ ಅಲ್ಲ, ಮುಳುಗಿಸುವುದೂ ಅದೇ. ಇದನ್ನು ಲೆಕ್ಕದಲ್ಲಿ ತೋರಿಸಿದ ಡಗ್ಲಸ್ ಡೈಮಂಡ್, ಫಿಲಿಪ್ ಡಿಬ್ವಿಗ್ ಎಂಬವರಿಗೆ, ಬೆನ್ ಬರ್ನಾಂಕಿಯವರ ಜೊತೆ, 2022ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ಪಿಂಚಣಿಯ ಹಣ ಇಟ್ಟಿದ್ದ ಹಿರಿಯರು ಬಾಗಿಲಲ್ಲಿ ಸಾಲು ನಿಂತರು. ಪುಸ್ತಕದ ಪಾಠ ಬಸವನಗುಡಿಯ ಬೀದಿಗೆ ಬಂದ ದಿನ ಅದು.

ತಾಯಂದಿರಿಗೆ ಮೈಕ್ರೋ ಫೈನಾನ್ಸಿನ ಮಾತು. ವಾರದ ಕಂತು, ಹತ್ತು ಜನರ ಗುಂಪು, ಒಬ್ಬಳು ತಪ್ಪಿಸಿದರೆ ಒಂಬತ್ತು ಜನ ಹೊರಬೇಕು. ಕಣಗಿನಹಾಳದ ನಿಯಮದ ಹಾಗೆಯೇ ಕಾಣುತ್ತದೆ ಅಲ್ಲವೇ? ಆದರೆ ಕಣಗಿನಹಾಳದಲ್ಲಿ ಹೊಣೆ ಹೊತ್ತವರೇ ಸಂಘದ ಒಡೆಯರು. ಇಲ್ಲಿ ಹೊಣೆ ತಾಯಂದಿರದ್ದು, ಒಡೆತನ ಎಲ್ಲೋ ದೂರದ ಷೇರುದಾರರದ್ದು. ಈ ಸಾಲಗಳನ್ನೂ ಗಂಟು ಕಟ್ಟಿ ಮಾರುವ ಪದ್ಧತಿ ನಮ್ಮ ದೇಶದಲ್ಲಿ ಇದೆ. 2010ರಲ್ಲಿ ಆಂಧ್ರದಲ್ಲಿ ಆದದ್ದು, ಮತ್ತೆ ನಮ್ಮ ರಾಜ್ಯದಲ್ಲಿ ಮನೆ ಬಿಟ್ಟು ಓಡಿಹೋದ ಕುಟುಂಬಗಳ ಸುದ್ದಿ ಬಂದದ್ದು ತಮಗೆ ಗೊತ್ತು. 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದು, ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಇದು ಬೇಕಿತ್ತು. ಆದರೆ ಪೊಲೀಸರು ಬರುವುದು ಬೆಂಕಿ ಬಿದ್ದ ಮೇಲೆ. ಒಬ್ಬ ತಾಯಿಯ ಹೆಸರಲ್ಲಿ ನಾಲ್ಕು ಕಂಪನಿಗಳು ಸಾಲ ಕೊಡುವಾಗ ಮಿನ್ಸ್ಕಿಯ ಮೂರನೆಯ ಸಾಲು ತುಂಬುತ್ತಿದೆ ಎಂದು ಗುರುತಿಸುವವರು ಹಳ್ಳಿಯಲ್ಲೇ ಬೇಕು.

ಅದಕ್ಕೇ ನಾನು ಕೇಳುವುದು ಇಷ್ಟು. ಎಲ್ಲ ಮಕ್ಕಳನ್ನೂ ಎಂಜಿನಿಯರಿಂಗಿಗೆ ಕಳಿಸಬೇಡಿ. ಲೆಕ್ಕ ಬರುವ, ಪ್ರಶ್ನೆ ಕೇಳುವ ಚಟ ಇರುವ ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು, ಅರ್ಥಶಾಸ್ತ್ರಕ್ಕೆ ಕಳಿಸಿ. ನೌಕರಿ ಸಿಗುತ್ತದೆಯೇ ಎಂದು ಕೇಳುತ್ತೀರಿ. ಬ್ಯಾಂಕುಗಳ, ರಿಸರ್ವ್ ಬ್ಯಾಂಕಿನ, ಸಹಕಾರ ಇಲಾಖೆಯ ಪರೀಕ್ಷೆಗಳಿವೆ, ಓದಿದವರಿಗೆ ದಾರಿ ಇದೆ. ಆ ಮಗು ಊರಿಗೆ ಬಂದಾಗ ಸಂಘದ ವಾರ್ಷಿಕ ಸಭೆಗೆ ಕರೆದುಕೊಂಡು ಹೋಗಿ, ಚಹಾ ಚುರುಮುರಿ ಮುಗಿಸಿ ಎದ್ದು ಬರಬೇಡಿ. ಕಳಿಸಿದ ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕ ಬೇಕು. ಮಠಗಳು ವಚನ ಸಂಪುಟ ಅಚ್ಚು ಹಾಕಿಸಿದ ಹಾಗೆ ಹಣಕಾಸಿನ ನಾಲ್ಕು ಒಳ್ಳೆಯ ಪುಸ್ತಕ ಬರೆಸಿ ಅಚ್ಚು ಹಾಕಿಸಿದರೆ ಅದೂ ದಾಸೋಹವೇ ಎಂದು ಪೂಜ್ಯರಲ್ಲಿ ಅರಿಕೆ.

ಮುಂದಿನ ತಿಂಗಳ ಗೋಷ್ಠಿಗೆ ಪೂಜ್ಯರು ಮತ್ತೆ ಬರಲು ಅಪ್ಪಣೆ ಕೊಟ್ಟಿದ್ದಾರೆ. ಆ ದಿನ ಉಪನ್ಯಾಸ ಬೇಡ. ತಾವು ತಮ್ಮ ಸಂಘದ ವಾರ್ಷಿಕ ವರದಿ ತನ್ನಿ. ಎಲ್ಲರ ಮನೆಯಲ್ಲೂ ಇರುತ್ತದೆ, ಕಪಾಟಿನ ಕೆಳಗೆ ಹಾಸಿರುತ್ತೀರಿ. ಒಟ್ಟು ಠೇವಣಿ ಎಷ್ಟು, ಕೊಟ್ಟ ಸಾಲ ಎಷ್ಟು, ಬಾಕಿ ನಿಂತದ್ದು ಎಷ್ಟು, ನಿರ್ದೇಶಕರು ಮತ್ತು ಅವರ ಮನೆಯವರ ಹೆಸರಲ್ಲಿ ಎಷ್ಟು, ಕಾಯ್ದಿಟ್ಟ ನಿಧಿ ಎಷ್ಟು ಎಂದು ನೆಲದ ಮೇಲೆ ಕೂತು ಕೂಡಿ ಓದೋಣ. ಹಿಂದಿನ ಸಾಲಿನ ಮಕ್ಕಳು ಪೆನ್ಸಿಲ್ ತರಲಿ.